ಎರಡು ಪದಗಳಿಗೆ ಕ್ಷಮೆ: ರಶ್ ಲಿಂಬಾ–ಸ್ಯಾಂಡ್ರಾ ಫ್ಲುಕ್ ಪ್ರಕರಣ

2012ರ ಫೆಬ್ರವರಿ 29, ಬುಧವಾರ. ಅಮೆರಿಕದ ಸುಮಾರು 600 ರೇಡಿಯೊ ಕೇಂದ್ರಗಳಿಂದ ಒಂದೇ ದನಿ ಹೊರಡುತ್ತಿತ್ತು. ಪೂರ್ವ ಕರಾವಳಿಯ ಗಡಿಯಾರದಲ್ಲಿ ಮಧ್ಯಾಹ್ನ 12ಕ್ಕೆ ಶುರುವಾಗಿ 3ಕ್ಕೆ ಮುಗಿಯುವ ಕಾರ್ಯಕ್ರಮ. ವಾರಕ್ಕೆ ಐದು ದಿನ, 23 ವರ್ಷಗಳಿಂದ ಹಾಗೇ ನಡೆದುಕೊಂಡು ಬಂದಿತ್ತು. ಅವತ್ತು ಅದರ ನಿರೂಪಕ, ಬಲಪಂಥೀಯ ಮಾತುಗಾರ ರಶ್ ಲಿಂಬಾ ಬಾಯಿಗೆ ಸಿಕ್ಕಿದ್ದು ವಾಷಿಂಗ್ಟನ್ನಿನ ಒಬ್ಬ ಕಾನೂನು ವಿದ್ಯಾರ್ಥಿನಿ. ಸೂಸನ್ ಫ್ಲುಕ್ ಅನ್ನುವ ಕಾಲೇಜು ಹುಡುಗಿಯೊಬ್ಬಳು ಸಂಸತ್ ಸಮಿತಿಯ ಮುಂದೆ ಹೋಗಿ, ತಾನು ಲೈಂಗಿಕ ಸಂಬಂಧ ಇಟ್ಟುಕೊಳ್ಳಲು ದುಡ್ಡು ಕೊಡಿ ಅಂತಾಳಲ್ಲ, ಹಾಗಾದರೆ ಅವಳನ್ನು ಏನೆಂದು ಕರೆಯಬೇಕು ಎಂದು ಕೇಳಿದರು. ಉತ್ತರವನ್ನೂ ಅವರೇ ಹೇಳಿದರು. ಎರಡು ಪದ: ಒಂದು 'ಸ್ಲಟ್', ಇನ್ನೊಂದು 'ಪ್ರಾಸ್ಟಿಟ್ಯೂಟ್'.

ಎರಡನೆಯದಕ್ಕೆ ಕನ್ನಡದಲ್ಲಿ ವೇಶ್ಯೆ ಎಂಬ ನೇರ ಪದವಿದೆ. ಮೊದಲನೆಯದು ಕಂಡಕಂಡವರ ಜೊತೆ ಹೋಗುವವಳು ಎಂಬ ಅರ್ಥದ ಬೈಗುಳ. ನಮ್ಮಲ್ಲೂ ಅಂಥ ಪದಗಳಿಗೇನೂ ಬರವಿಲ್ಲ, ಅಚ್ಚಿನಲ್ಲಿ ಹಾಕುವಂಥದ್ದು ಮಾತ್ರ ಸಿಗುವುದಿಲ್ಲ. ಇರಲಿ. ಆ ಹೆಣ್ಣುಮಗಳ ಹೆಸರು ಸೂಸನ್ ಅಲ್ಲ, ಸ್ಯಾಂಡ್ರಾ. ವಯಸ್ಸು 30. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಕೊನೆಯ ವರ್ಷದಲ್ಲಿದ್ದರು.

ಈ ಪ್ರಕರಣವನ್ನು ಎಲ್ಲರೂ ಆ ಎರಡು ಪದಗಳ ಪ್ರಕರಣವಾಗಿ ನೆನಪಿಟ್ಟುಕೊಂಡಿದ್ದಾರೆ. ನನಗೆ ಅಲ್ಲೇ ತಕರಾರು. ಕೆಟ್ಟ ಪದ ಬಂದದ್ದು ಕೊನೆಗೆ. ಅದಕ್ಕೂ ಮುಂಚೆ, ಅದೇ ವಾಕ್ಯದೊಳಗೆ, ಮಾತಿನ ವಿಷಯವನ್ನೇ ಮೆಲ್ಲಗೆ ಬದಲಿಸಿ ಆಗಿತ್ತು. ಆ ಬದಲಾವಣೆ ಹೇಗಾಯಿತು ಎಂದು ತಿಳಿಯಬೇಕಾದರೆ ಫ್ಲುಕ್ ನಿಜಕ್ಕೂ ಏನು ಹೇಳಿದ್ದರು ಎಂಬಲ್ಲಿಂದ ಶುರು ಮಾಡಬೇಕು.

ವಿಮೆಯ ಜಗಳ

ಒಬಾಮಾ ಸರ್ಕಾರ 2010ರಲ್ಲಿ ತಂದ ಆರೋಗ್ಯ ವಿಮೆ ಕಾಯ್ದೆಯಡಿ, ಗರ್ಭನಿರೋಧಕಗಳನ್ನು ರೋಗ ತಡೆಯುವ ಸೇವೆಗಳ ಸಾಲಿಗೆ ಸೇರಿಸಲಾಯಿತು. ಅಂದರೆ ವಿಮೆ ಇದ್ದವರಿಗೆ ಮಾತ್ರೆ ಕೈಯಿಂದ ಕಾಸು ಬಿಚ್ಚದೆ ಸಿಗಬೇಕು. ಚರ್ಚುಗಳಿಗೆ ವಿನಾಯಿತಿ ಇತ್ತು. ಆದರೆ ಚರ್ಚಿನ ಜೊತೆ ನಂಟಿರುವ ಆಸ್ಪತ್ರೆ, ವಿಶ್ವವಿದ್ಯಾಲಯಗಳಿಗೆ ವಿನಾಯಿತಿ ಇಲ್ಲವೆಂದು 2012ರ ಜನವರಿಯಲ್ಲಿ ಗೊತ್ತಾದಾಗ ಕ್ಯಾಥೊಲಿಕ್ ಬಿಷಪ್‌ಗಳು ತಿರುಗಿ ಬಿದ್ದರು. ತಮ್ಮ ಧರ್ಮ ಪಾಪ ಎನ್ನುವ ಕೆಲಸಕ್ಕೆ ತಮ್ಮದೇ ಹಣ ಹೋಗಬೇಕೆ ಎಂಬುದು ಅವರ ಪ್ರಶ್ನೆ. ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಫೆಬ್ರವರಿ 10ರಂದು ಒಬಾಮಾ ಒಂದು ಮಧ್ಯದ ದಾರಿ ಹುಡುಕಿದರು: ಸಂಸ್ಥೆ ಒಪ್ಪದಿದ್ದರೆ ವಿಮಾ ಕಂಪನಿಯೇ ನೇರವಾಗಿ ಆ ಸೌಲಭ್ಯ ಕೊಡಲಿ. ಬಿಷಪ್‌ಗಳಿಗೆ ಅದೂ ರುಚಿಸಲಿಲ್ಲ.

ಫೆಬ್ರವರಿ 16ರಂದು ಜನಪ್ರತಿನಿಧಿ ಸಭೆಯ ಸಮಿತಿಯೊಂದು ಇದರ ಬಗ್ಗೆ ವಿಚಾರಣೆ ಕರೆಯಿತು. ಅಧ್ಯಕ್ಷರು ರಿಪಬ್ಲಿಕನ್ ಪಕ್ಷದ ಡ್ಯಾರೆಲ್ ಇಸ್ಸಾ. ಡೆಮಾಕ್ರಾಟರು ಫ್ಲುಕ್ ಹೆಸರು ಕೊಟ್ಟರು. ಈ ವಿಚಾರಣೆ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆಯೇ ಹೊರತು ಗರ್ಭನಿರೋಧಕದ ಬಗ್ಗೆ ಅಲ್ಲ, ಆಕೆಗೆ ಅದಕ್ಕೆ ತಕ್ಕ ಅರ್ಹತೆ ಇಲ್ಲ ಎಂದು ಇಸ್ಸಾ ಒಪ್ಪಲಿಲ್ಲ. ಸಾಕ್ಷಿಗಳ ಮೊದಲ ಸಾಲಿನಲ್ಲಿ ಕುಳಿತವರು ಐದೂ ಮಂದಿ ಗಂಡಸರು. ನ್ಯೂಯಾರ್ಕಿನ ಡೆಮಾಕ್ರಾಟ್ ಸಂಸದೆ ಕೆರೊಲಿನ್ ಮೆಲೊನಿ ಆ ಸಾಲನ್ನು ನೋಡಿ "ಹೆಂಗಸರು ಎಲ್ಲಿ?" ಎಂದು ಕೇಳಿದರು. ಐವರು ಗಂಡಸರು ಮೇಜಿನ ಮುಂದೆ ಸಾಲಾಗಿ ಕುಳಿತ ಚಿತ್ರ ಅವತ್ತೇ ದೇಶ ಸುತ್ತಿತು. ರಾಜಕೀಯವಾಗಿ ನೋಡಿದರೆ ಇಸ್ಸಾ ಡೆಮಾಕ್ರಾಟರಿಗೆ ಕೊಟ್ಟ ಉಡುಗೊರೆ ಅದು, ಅವರೂ ಅದನ್ನು ಬಿಡಲಿಲ್ಲ. ಒಂದು ವಾರಕ್ಕೆ, ಫೆಬ್ರವರಿ 23ರಂದು, ಆ ಸಭೆಯಲ್ಲಿ ಡೆಮಾಕ್ರಾಟರ ನಾಯಕಿಯಾಗಿದ್ದ ನ್ಯಾನ್ಸಿ ಪೆಲೋಸಿ ತಮ್ಮ ಪಕ್ಷದ ಸಮಿತಿಯಿಂದಲೇ ಇನ್ನೊಂದು ಸಭೆ ನಡೆಸಿ ಫ್ಲುಕ್ ಅವರನ್ನು ಮಾತಾಡಿಸಿದರು.

ಫ್ಲುಕ್ ಹೇಳಿದ್ದು ಇಷ್ಟು. ಜಾರ್ಜ್‌ಟೌನ್ ಜೆಸ್ಯೂಟರ, ಅಂದರೆ ಕ್ಯಾಥೊಲಿಕ್ ಪಾದ್ರಿಗಳ ಒಂದು ಪಂಗಡದ, ಸಂಸ್ಥೆ. ವಿದ್ಯಾರ್ಥಿಗಳಿಗೆ ಅಲ್ಲಿ ಸಿಗುವ ವಿಮೆಯಲ್ಲಿ ಗರ್ಭನಿರೋಧಕ ಸೇರಿಲ್ಲ. ವಿಮೆಯಿಲ್ಲದೆ ಕೊಂಡರೆ ಕಾನೂನು ಪದವಿಯ ಮೂರು ವರ್ಷಕ್ಕೆ 3,000 ಡಾಲರಿಗೂ ಹೆಚ್ಚು ಆಗಬಹುದು. ಆಮೇಲೆ ಒಬ್ಬ ಗೆಳತಿಯ ಕಥೆ. ಆಕೆಗೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ನಮ್ಮಲ್ಲಿ ಪಿಸಿಓಎಸ್ ಎಂದು ಮನೆಮನೆಗೂ ಗೊತ್ತಿರುವ ತೊಂದರೆ. ಅಂಡಾಶಯದಲ್ಲಿ ಗಡ್ಡೆ ಬೆಳೆಯದಿರಲು ವೈದ್ಯರು ಈ ಮಾತ್ರೆ ಬರೆದುಕೊಟ್ಟಿದ್ದರು. ಚಿಕಿತ್ಸೆಗಾಗಿ ಎಂದರೆ ವಿಮೆ ಕೊಡಬೇಕು. ಆದರೆ ವಿಮೆಯವರು ನಿನಗೆ ಬೇಕಿರುವುದು ಬಸಿರು ತಡೆಯಲೆಂದೇ ಎಂದು ಮತ್ತೆ ಮತ್ತೆ ವಾಪಸ್ ಕಳಿಸಿದರು. ಆ ಗೆಳತಿ ಸಲಿಂಗಿ. ಬಸಿರಿನ ಚಿಂತೆಯೇ ಇದ್ದವರಲ್ಲ. ದುಡ್ಡು ಸಾಲದೆ ಮಾತ್ರೆ ನಿಲ್ಲಿಸಿದರು. ಟೆನ್ನಿಸ್ ಚೆಂಡಿನಷ್ಟು ದೊಡ್ಡ ಗಡ್ಡೆ ಬೆಳೆದು, ಕೊನೆಗೆ ಆ ಅಂಡಾಶಯವನ್ನೇ ತೆಗೆಯಬೇಕಾಯಿತು.

ತನ್ನ ಸ್ವಂತ ಖಾಸಗಿ ಬದುಕಿನ ಬಗ್ಗೆ ಫ್ಲುಕ್ ಒಂದು ಅಕ್ಷರವನ್ನೂ ಆಡಿರಲಿಲ್ಲ. ಆ 3,000 ಡಾಲರ್ ಲೆಕ್ಕವನ್ನು ಪ್ರಶ್ನಿಸಲು ಜಾಗವಿತ್ತು. ದೊಡ್ಡ ಅಂಗಡಿಗಳಲ್ಲಿ ಜೆನೆರಿಕ್ ಮಾತ್ರೆ ತಿಂಗಳಿಗೆ 9 ಡಾಲರಿಗೆ ಸಿಗುತ್ತದೆ ಎಂದು ಸಂಪ್ರದಾಯವಾದಿ ಪತ್ರಕರ್ತರು ತೋರಿಸಿದ್ದರು. ಎಲ್ಲರ ಮೈಗೂ ಆ ಮಾತ್ರೆ ಒಗ್ಗುವುದಿಲ್ಲ ಎಂದು ಈ ಕಡೆಯವರು ಹೇಳಬಹುದಿತ್ತು. ಜಗಳವೇ ಆದರೂ ಅದು ನೆಲದ ಮೇಲೆ ನಿಂತ ಜಗಳ.

ಮೂರು ದಿನ

ಈಗ ಲಿಂಬಾ ಮಾತಿಗೆ ಬರೋಣ. ಆಕೆಗೆ ನೀವೂ ನಾನೂ ತೆರಿಗೆದಾರರೂ ದುಡ್ಡು ಕೊಡಬೇಕಂತೆ ಎಂದರು. ಫ್ಲುಕ್ ಕೇಳಿದ್ದು ಖಾಸಗಿ ವಿಮೆಯ ಸೌಲಭ್ಯ. ಅದರ ಕಂತು ಕಟ್ಟುತ್ತಿದ್ದವರು ವಿದ್ಯಾರ್ಥಿಗಳು. ತೆರಿಗೆದಾರ ಎಂಬ ಪಾತ್ರ ಈ ನಾಟಕದಲ್ಲಿ ಇರಲೇ ಇಲ್ಲ. ಅವನನ್ನು ನೇಪಥ್ಯದಿಂದ ಎಳೆದು ತಂದದ್ದು ಲಿಂಬಾ. ಎಳೆದು ತಂದ ಮೇಲೆ ಉಳಿದದ್ದು ಸಲೀಸು: ದುಡ್ಡು ನಮ್ಮದು, ಮಜಾ ಅವಳದು.

ಆಮೇಲೆ ಎಷ್ಟು ಸಲ ಎಂಬ ಲೆಕ್ಕ. ಗರ್ಭನಿರೋಧಕ ಕೊಳ್ಳಲಾಗದಷ್ಟು ಸಲ ಲೈಂಗಿಕ ಸಂಬಂಧವಂತೆ. ಇದನ್ನು ಹೇಳಿದವರಿಗೆ ಆಗ 61 ವರ್ಷ, ನಾಲ್ಕನೇ ಮದುವೆಯಾಗಿತ್ತು. ಆ ಮಾತ್ರೆ ದಿನಕ್ಕೊಂದು. ತಿಂಗಳಿಗೆ ಒಂದು ಸಲವಾದರೂ ಅಷ್ಟೇ, ನೂರು ಸಲವಾದರೂ ಅಷ್ಟೇ, ಆ ಗೆಳತಿಯ ಹಾಗೆ ಬೇರೆ ಕಾಯಿಲೆಗೆ ನುಂಗಿದರೂ ಅಷ್ಟೇ. ಕಾಂಡೋಮಿನ ಲೆಕ್ಕವನ್ನು ಮಾತ್ರೆಗೆ ಹಚ್ಚಿದ್ದು ತಿಳಿಯದೆಯೋ ತಿಳಿದೋ, ನನಗೆ ಅದು ಮುಖ್ಯವಲ್ಲ. ಕೇಳುಗನ ತಲೆಯಲ್ಲಿ ಅಂಡಾಶಯದ ಗಡ್ಡೆ ಇರಬೇಕಾದ ಜಾಗದಲ್ಲಿ ಈಗ ಒಂದು ಹಾಸಿಗೆ ಬಂದು ಕುಳಿತಿತ್ತು. ಬೈಗುಳ ಬಂದದ್ದು ಇಷ್ಟೆಲ್ಲ ಆದ ಮೇಲೆ. ಅಷ್ಟರಲ್ಲಿ ಕೇಳುಗನಿಗೆ ಆ ಪದ ಬೈಗುಳವೂ ಅನ್ನಿಸುವುದಿಲ್ಲ, ಲೆಕ್ಕ ಕೂಡಿಸಿದ ಮೇಲೆ ಬರುವ ಉತ್ತರ ಅನ್ನಿಸುತ್ತದೆ.

ಮರುದಿನ, ಮಾರ್ಚ್ 1ರಂದು, ಹಿಂದೆ ಸರಿಯುವ ಬದಲು ಇನ್ನೊಂದು ಹೆಜ್ಜೆ ಮುಂದೆ ಇಟ್ಟರು. ನಿಮ್ಮ ಗರ್ಭನಿರೋಧಕಕ್ಕೆ ನಾವು ದುಡ್ಡು ಕೊಡುವುದಾದರೆ ನಮಗೂ ಏನಾದರೂ ಸಿಗಬೇಕಲ್ಲ, ವಿಡಿಯೊ ಮಾಡಿ ಇಂಟರ್ನೆಟ್ಟಿಗೆ ಹಾಕಿ, ನಾವೆಲ್ಲ ನೋಡುತ್ತೇವೆ ಎಂದರು. ಬಾಯಿ ತಪ್ಪಿ ಬಂದ ಮಾತು ಎಂಬ ಸಮಜಾಯಿಷಿಗೆ ಇಲ್ಲಿ ಜಾಗವೇ ಇಲ್ಲ. ಒಂದು ರಾತ್ರಿ ಕಳೆದು ಬಂದ ಮಾತು ಇದು.

ಅದೇ ಮಾರ್ಚ್ 1ರಂದು ಸೆನೆಟ್ಟಿನಲ್ಲಿ ನಿಜವಾದ ತೀರ್ಮಾನವೊಂದು ನಡೆಯುತ್ತಿತ್ತು. ಮಿಸೌರಿಯ ರಿಪಬ್ಲಿಕನ್ ಸೆನೆಟರ್ ರಾಯ್ ಬ್ಲಂಟ್ ತಂದ ತಿದ್ದುಪಡಿ: ಯಾವುದೇ ಮಾಲೀಕ ತನ್ನ ನೈತಿಕ ನಂಬಿಕೆಗೆ ವಿರುದ್ಧವೆನಿಸಿದ ಚಿಕಿತ್ಸೆಯನ್ನು ನೌಕರರ ವಿಮೆಯಿಂದ ಕೈಬಿಡಬಹುದು ಎಂಬುದು ಅದರ ತಿರುಳು. 51–48 ಮತಗಳಲ್ಲಿ ಅದನ್ನು ಬದಿಗಿಡಲಾಯಿತು. ರಿಪಬ್ಲಿಕನ್ನರಲ್ಲಿ ಅದರ ವಿರುದ್ಧ ನಿಂತವರು ಮೇನ್ ರಾಜ್ಯದ ಒಲಿಂಪಿಯಾ ಸ್ನೋ ಒಬ್ಬರೇ. ಪಕ್ಷಗಳ ನಡುವಿನ ಕಚ್ಚಾಟ ನೋಡಿ ಸಾಕಾಗಿದೆ, ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಅವರು ಎರಡು ದಿನ ಮುಂಚೆಯಷ್ಟೇ ಘೋಷಿಸಿದ್ದರು. ಕೋಟ್ಯಂತರ ಜನರ ವಿಮೆಯನ್ನು ತೀರ್ಮಾನಿಸುವ ಆ ಮತದಾನ ಇವತ್ತು ಎಷ್ಟು ಜನರಿಗೆ ನೆನಪಿದೆ? ವಿಡಿಯೊ ಮಾತು ಎಲ್ಲರಿಗೂ ನೆನಪಿದೆ.

ಶುಕ್ರವಾರ ಒಬಾಮಾ ಸ್ವತಃ ಫ್ಲುಕ್‌ಗೆ ಫೋನ್ ಮಾಡಿದರು. ಜಾರ್ಜ್‌ಟೌನ್ ಅಧ್ಯಕ್ಷ ಜಾನ್ ಡಿಜೋಯಾ ಬಹಿರಂಗ ಪತ್ರ ಬರೆದು, ಇದು ಸ್ತ್ರೀದ್ವೇಷದ ವಿಷ ಎಂದರು. ಫ್ಲುಕ್ ಪ್ರಶ್ನಿಸಿದ್ದೇ ಈ ವಿಶ್ವವಿದ್ಯಾಲಯದ ನೀತಿಯನ್ನು. ನೀತಿ ಬದಲಿಸುವುದಾಗಿ ಡಿಜೋಯಾ ಹೇಳಲಿಲ್ಲ. ನಿಮ್ಮ ವಾದವನ್ನು ಒಪ್ಪುವುದಿಲ್ಲ, ಆದರೆ ನೀವು ಅದನ್ನು ಮರ್ಯಾದೆಯಿಂದ ಮಂಡಿಸಿದಿರಿ ಎನ್ನುವುದು ಹೇಗೆ ಎಂದು ಈ ಇಡೀ ಗದ್ದಲದಲ್ಲಿ ತೋರಿಸಿದವರು ಯಾರಾದರೂ ಇದ್ದರೆ ಆ ಪಾದ್ರಿ ಸಂಸ್ಥೆಯ ಮುಖ್ಯಸ್ಥರೇ.

ಮೈಕಿನ ಹಿಂದಿನ ಯಂತ್ರ

ಟಾಕ್ ರೇಡಿಯೊ ಅಂದರೆ ಏನು ಎಂದು ನಮ್ಮ ಕಡೆ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಭಾರತದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾದರೂ, ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿ ಇಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಬಿತ್ತರಿಸಬಹುದು ಅಷ್ಟೇ. ಹಾಗಾಗಿ ನಮ್ಮ ಆರ್‌ಜೆಗಳು ಟ್ರಾಫಿಕ್ಕು, ಮಳೆ, ಅತ್ತೆ–ಸೊಸೆ ಜೋಕಿನಲ್ಲಿ ಉಳಿದರು. ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿ ಒಬ್ಬನೇ ಮನುಷ್ಯ ಮೂರು ಗಂಟೆ ರಾಜಕೀಯ ಮಾತಾಡುತ್ತಾನೆ, ಲಾರಿ ಓಡಿಸುವವನು, ಗದ್ದೆಯಲ್ಲಿ ಟ್ರ್ಯಾಕ್ಟರ್ ಮೇಲಿರುವವನು, ಅಂಗಡಿಯಲ್ಲಿ ಕುಳಿತವನು ದಿನವೂ ಕೇಳುತ್ತಾನೆ.

ಲಿಂಬಾ ಹುಟ್ಟಿದ್ದು 1951ರಲ್ಲಿ, ಮಿಸೌರಿಯ ಕೇಪ್ ಜಿರಾರ್ಡೊ ಎಂಬ ನದಿದಂಡೆಯ ಊರಿನಲ್ಲಿ. ವಕೀಲರ ಮನೆತನ. ಅಜ್ಜನ ಹೆಸರೂ ರಶ್ ಲಿಂಬಾ. ನೂರು ದಾಟಿದ ಮೇಲೂ ವಕೀಲಿಕೆ ಮಾಡಿದವರು, ಆ ಊರಿನ ಫೆಡರಲ್ ನ್ಯಾಯಾಲಯದ ಕಟ್ಟಡಕ್ಕೆ ಅವರ ಹೆಸರೇ ಇದೆ. 1950ರ ದಶಕದ ಕೊನೆಯಲ್ಲಿ ಅವರು ಅಮೆರಿಕ ಸರ್ಕಾರದ ಪರವಾಗಿ ಭಾರತಕ್ಕೂ ಬಂದು, ಇಲ್ಲಿನ ವಕೀಲರಿಗೆ, ವಿದ್ಯಾರ್ಥಿಗಳಿಗೆ ತಮ್ಮ ದೇಶದ ನ್ಯಾಯಪದ್ಧತಿಯ ಬಗ್ಗೆ ಹೇಳಿ ಹೋಗಿದ್ದರು. ಮೊಮ್ಮಗ ಕಾಲೇಜು ಅರ್ಧಕ್ಕೆ ಬಿಟ್ಟು ಹಾಡು ಹಾಕುವ ಡಿಸ್ಕ್ ಜಾಕಿ ಆದರು, ಕೆಲಸ ಕಳೆದುಕೊಂಡರು, ಕ್ಯಾನ್ಸಸ್ ಸಿಟಿಯ ಬೇಸ್‌ಬಾಲ್ ತಂಡದಲ್ಲಿ ಕೆಲವು ವರ್ಷ ನೌಕರಿ ಮಾಡಿದರು. 1984ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ರಾಜಕೀಯ ಮಾತಿನ ಕಾರ್ಯಕ್ರಮ ಸಿಕ್ಕಿತು. ಅಲ್ಲಿಂದ ದೆಸೆ ತಿರುಗಿತು.

1987ರಲ್ಲಿ ಫೇರ್‌ನೆಸ್ ಡಾಕ್ಟ್ರಿನ್ ರದ್ದಾಯಿತು. ವಿವಾದದ ವಿಷಯ ಬಂದರೆ ಎದುರು ಪಕ್ಷದ ಮಾತಿಗೂ ಜಾಗ ಕೊಡಬೇಕು ಎಂದು 1949ರಿಂದ ಇದ್ದ ನಿಯಮ ಅದು. ಲಿಂಬಾ ಹುಟ್ಟಿದ್ದೇ ಆ ರದ್ದತಿಯಿಂದ ಎಂದು ಬಹಳ ಜನ ಬರೆಯುತ್ತಾರೆ. ಅರ್ಧ ನಿಜ. ಆ ಹೊತ್ತಿಗೆ ಹಾಡುಗಳೆಲ್ಲ ಎಫ್‌ಎಂ ಕಡೆ ಹೋಗಿ ಎಎಂ ಕೇಂದ್ರಗಳು ಖಾಲಿ ಹೊಡೆಯುತ್ತಿದ್ದವು. ಉಪಗ್ರಹದಿಂದ ಒಂದು ಕಾರ್ಯಕ್ರಮವನ್ನು ಊರೂರಿಗೆ ಕಡಿಮೆ ಖರ್ಚಿನಲ್ಲಿ ಕಳಿಸಬಹುದಿತ್ತು. 1988ರ ಆಗಸ್ಟ್ 1ರಂದು ನ್ಯೂಯಾರ್ಕಿನಿಂದ ರಾಷ್ಟ್ರೀಯ ಪ್ರಸಾರ ಶುರುವಾದಾಗ ವ್ಯಾಪಾರದ ಉಪಾಯ ಸರಳವಾಗಿತ್ತು: ಕೇಂದ್ರಗಳಿಗೆ ಕಾರ್ಯಕ್ರಮ ಪುಕ್ಕಟೆ, ಬದಲಿಗೆ ಗಂಟೆಗೆ ಇಷ್ಟು ನಿಮಿಷದ ಜಾಹೀರಾತು ಜಾಗ ನಮಗೆ ಬಿಡಿ. ಇದಕ್ಕೆ ಬಾರ್ಟರ್ ಎನ್ನುತ್ತಾರೆ. ಮೊದಲು 56 ಕೇಂದ್ರ. ಕೆಲವೇ ವರ್ಷಗಳಲ್ಲಿ ಹತ್ತು ಪಟ್ಟು. ದೀಪ ಆರಿಹೋಗುತ್ತಿದ್ದ ಎಎಂ ರೇಡಿಯೊಗೆ ಎಣ್ಣೆ ಹೊಯ್ದವರು ಲಿಂಬಾ. ಅವರಿಗೂ ಅದರ ಪಾಲು ಸಿಕ್ಕಿತು: 2008ರ ಒಪ್ಪಂದ ಎಂಟು ವರ್ಷಕ್ಕೆ ಸುಮಾರು 40 ಕೋಟಿ ಡಾಲರ್.

ಮಾತುಗಾರಿಕೆಯಲ್ಲಿ ಅವರನ್ನು ಸರಿಗಟ್ಟುವವರಿರಲಿಲ್ಲ, ಇದನ್ನು ಎದುರಾಳಿಗಳೂ ಒಪ್ಪುತ್ತಾರೆ. ಅತಿಥಿಗಳು ಅಪರೂಪ. ಕರೆ ಮಾಡಿದವರನ್ನು ಸ್ಕ್ರೀನರ್ ಮೊದಲೇ ಸೋಸಿ ಕಳಿಸುತ್ತಿದ್ದ. ಹೊಗಳುವುದರಲ್ಲೇ ಹೊತ್ತು ಹೋಗುತ್ತದೆಂದು ಕರೆ ಮಾಡಿದವರು 'ಡಿಟ್ಟೊ' ಎಂದು ಹೇಳಿ ಮುಂದಕ್ಕೆ ಹೋಗುವ ರೂಢಿ ಬೆಳೆದು, ಅಭಿಮಾನಿಗಳಿಗೇ 'ಡಿಟ್ಟೊಹೆಡ್ಸ್' ಎಂಬ ಹೆಸರು ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಂದು ಹೊರಗಿನವರು ನಕ್ಕರು. ಅವರು ಹೆಮ್ಮೆಯಿಂದ ಆ ಹೆಸರನ್ನೇ ಇಟ್ಟುಕೊಂಡರು. ಸ್ತ್ರೀವಾದಿಗಳನ್ನು 'ಫೆಮಿನಾಝಿ' ಎಂದು ಕರೆಯುವುದನ್ನು ದೇಶಕ್ಕೆ ಕಲಿಸಿದ್ದೂ ಇದೇ ಕಾರ್ಯಕ್ರಮ. 2001ರಲ್ಲಿ ಲಿಂಬಾ ಕಿವಿ ಪೂರಾ ಹೋಯಿತು. ಕರೆ ಮಾಡಿದವರ ಮಾತನ್ನು ಒಬ್ಬರು ಟೈಪ್ ಮಾಡಿ ಪರದೆಯ ಮೇಲೆ ತೋರಿಸುತ್ತಿದ್ದರು, ಲಿಂಬಾ ಓದಿ ಉತ್ತರ ಕೊಡುತ್ತಿದ್ದರು. ಆಮೇಲೆ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ, ಕೇಳಿಸಲು ನೆರವಾಗುವ ಸಾಧನ ಹಾಕಿಸಿಕೊಂಡರು. ಕೇಳಿಸದಿದ್ದರೂ ಕಾರ್ಯಕ್ರಮದ ಓಟಕ್ಕೆ ಒಂದಿಷ್ಟೂ ಧಕ್ಕೆ ಬರಲಿಲ್ಲ ಎಂಬುದನ್ನು ಓದಿದಾಗೆಲ್ಲ ನನಗೆ ಒಂಥರಾ ಆಗುತ್ತದೆ.

ಸಲಾಡ್ ಫೋರ್ಕ್

ಇಂಥ ಮನುಷ್ಯನನ್ನು ಅವರದೇ ಪಕ್ಷದವರು ತಿದ್ದಬಹುದಿತ್ತಲ್ಲ? 1994ರಲ್ಲಿ ರಿಪಬ್ಲಿಕನ್ನರು ನಾಲ್ಕು ದಶಕಗಳ ಮೇಲೆ ಜನಪ್ರತಿನಿಧಿ ಸಭೆಯನ್ನು ಗೆದ್ದಾಗ, ಹೊಸದಾಗಿ ಗೆದ್ದವರು ಲಿಂಬಾರನ್ನು ತಮ್ಮ ಗೌರವ ಸದಸ್ಯ ಎಂದು ಸನ್ಮಾನಿಸಿದ್ದರು. 2009ರ ಜನವರಿಯಲ್ಲಿ ಜಾರ್ಜಿಯಾದ ಸಂಸದ ಫಿಲ್ ಗಿಂಗ್ರಿ ಲಿಂಬಾ ಬಗ್ಗೆ ಒಂದು ಟೀಕೆ ಮಾಡಿ, ಮರುದಿನವೇ ಅವರ ಕಾರ್ಯಕ್ರಮಕ್ಕೆ ಫೋನ್ ಮಾಡಿ ತಪ್ಪಾಯಿತು ಎಂದರು. ಮಾರ್ಚಿನಲ್ಲಿ ಪಕ್ಷದ ರಾಷ್ಟ್ರೀಯ ಅಧ್ಯಕ್ಷ ಮೈಕಲ್ ಸ್ಟೀಲ್, ಲಿಂಬಾ ಒಬ್ಬ ಮನರಂಜಕ, ಅವರ ಮಾತು ಬೆಂಕಿ ಹಚ್ಚುವಂಥದ್ದು ಎಂದು ಟಿವಿಯಲ್ಲಿ ಹೇಳಿ, ಅವರೂ ಕ್ಷಮೆ ಕೇಳಿದರು. ಪಕ್ಷದ ಅಧ್ಯಕ್ಷ ರೇಡಿಯೊದವರ ಕ್ಷಮೆ ಕೇಳುವುದು! ಮೂರು ವರ್ಷದ ಮೇಲೆ ಫ್ಲುಕ್ ವಿಷಯದಲ್ಲಿ ಪಕ್ಷದ ದೊಡ್ಡ ನಾಯಕರು ಗಟ್ಟಿಯಾಗಿ ಬಾಯಿ ಬಿಡದ್ದಕ್ಕೆ ಇದೇ ಪಾಠ ಕಾರಣ.

ಅದೂ ಅಲ್ಲದೆ ಸಮಯ ನೋಡಿ. ಮಾರ್ಚ್ 6ಕ್ಕೆ ಸೂಪರ್ ಟ್ಯೂಸ್‌ಡೇ. ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿ ಯಾರೆಂದು ಆರಿಸಲು ಹತ್ತು ರಾಜ್ಯಗಳಲ್ಲಿ ಪಕ್ಷದೊಳಗಿನ ಮತದಾನ. ಕಣದಲ್ಲಿದ್ದ ಮಿಟ್ ರಾಮ್ನಿಯನ್ನು ಕೇಳಿದಾಗ, ನಾನಾಗಿದ್ದರೆ ಆ ಭಾಷೆ ಬಳಸುತ್ತಿರಲಿಲ್ಲ ಎಂದಷ್ಟೇ ಹೇಳಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅವರ ಎದುರಾಳಿ ರಿಕ್ ಸ್ಯಾಂಟೋರಂ ಅದು ಅಸಂಬದ್ಧ ಎಂದು ಒಪ್ಪಿ, ಮನರಂಜಕರು ಅಸಂಬದ್ಧವಾಗಿ ಮಾತಾಡಬಹುದು ಎಂದು ಬಾಲ ಸೇರಿಸಿದರು. ಸ್ಪೀಕರ್ ಜಾನ್ ಬೇನರ್ ಕಡೆಯಿಂದ ಆ ಪದಗಳು 'ಅನುಚಿತ' ಎಂದು ಹೇಳಿಕೆ ಬಂತು.

ಇದಕ್ಕೆ ಚಾಟಿ ಬೀಸಿದವರು ಎಡಪಂಥೀಯರಲ್ಲ, ಹಳೆಯ ಸಂಪ್ರದಾಯವಾದಿ ಅಂಕಣಕಾರ ಜಾರ್ಜ್ ವಿಲ್. ಮಾರ್ಚ್ 4ರ ಭಾನುವಾರ ಟಿವಿ ಚರ್ಚೆಯಲ್ಲಿ ಅವರು, ಮುಖ್ಯ ಊಟಕ್ಕೆ ಸಲಾಡಿನ ಫೋರ್ಕ್ ಬಳಸಿದರೆ ಅದು ಅನುಚಿತ, ಇದಲ್ಲ ಎಂದರು. ಈ ನಾಯಕರು ಇರಾನಿನ ಮೇಲೆ ಬಾಂಬ್ ಹಾಕಲು ತಯಾರು, ಆದರೆ ರಶ್ ಲಿಂಬಾ ಎಂದರೆ ಹೆದರುತ್ತಾರೆ ಎಂದೂ ಸೇರಿಸಿದರು. ಈ ಪ್ರಕರಣದ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಚುರುಕಾದ ಮಾತು ಇನ್ನೊಂದಿಲ್ಲ.

ನಾಯಕರಿಂದ ಆಗದ್ದು ಹಾಸಿಗೆ ಮಾರುವವರಿಂದ ಆಯಿತು. ಸ್ಲೀಪ್ ಟ್ರೈನ್, ಸ್ಲೀಪ್ ನಂಬರ್, ಕ್ವಿಕನ್ ಲೋನ್ಸ್, ಲೀಗಲ್‌ಜೂಮ್, ಸಿಟ್ರಿಕ್ಸ್ ಒಬ್ಬೊಬ್ಬರಾಗಿ ಜಾಹೀರಾತು ನಿಲ್ಲಿಸಿದರು. ಸ್ಲೀಪ್ ಟ್ರೈನ್ ಸ್ಯಾಕ್ರಮೆಂಟೊ ದಿನಗಳಿಂದ ಜೊತೆಗಿದ್ದ ಕಂಪನಿ. ರೇಡಿಯೊದಲ್ಲಿ ಇಂಥ ಜಾಹೀರಾತನ್ನು ನಿರೂಪಕರೇ ಓದುತ್ತಾರೆ, ನಾನೂ ಇದೇ ಹಾಸಿಗೆಯಲ್ಲಿ ಮಲಗುತ್ತೇನೆ ಎಂಬ ಆತ್ಮೀಯತೆಯಲ್ಲಿ. ಹಾಗಾಗಿ ಅವರ ಬಾಯಿಂದ ಬಂದ ಬೈಗುಳವೂ ಕಂಪನಿಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಜಾಹೀರಾತು ಕಂಪನಿ ಕಾರ್ಬೊನೈಟ್‌ನ ಮುಖ್ಯಸ್ಥ ಡೇವಿಡ್ ಫ್ರೆಂಡ್, ತಮಗೂ ಫ್ಲುಕ್ ವಯಸ್ಸಿನ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂದು ಹೇಳಿ, ಲಿಂಬಾ ಕ್ಷಮೆ ಕೇಳಿದ ಮೇಲೂ ಹೊರನಡೆದರು. ಹವಾಯಿಯ ಹಿಲೊ ಮತ್ತು ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡಿನ ಎರಡು ಸಣ್ಣ ಕೇಂದ್ರಗಳು ಕಾರ್ಯಕ್ರಮವನ್ನೇ ಕೈಬಿಟ್ಟವು. ಸಾವಿರಾರು ಜಾಹೀರಾತುದಾರರಲ್ಲಿ ಇವರು ಹೋದರೆ ಪೊಟ್ಟಣದಿಂದ ಒಂದೆರಡು ಫ್ರೆಂಚ್ ಫ್ರೈ ಉದುರಿದ ಹಾಗೆ ಎಂದು ಲಿಂಬಾ ನಕ್ಕರು. ಆದರೆ ವಿತರಕ ಕಂಪನಿ ಪ್ರೀಮಿಯರ್ ಎರಡು ವಾರ ಬಾರ್ಟರ್ ಜಾಹೀರಾತನ್ನೇ ತಡೆಹಿಡಿಯಬೇಕಾಯಿತು.

ಕ್ಷಮಾಪಣೆಯನ್ನು ಹತ್ತಿರದಿಂದ

ಮಾರ್ಚ್ 3ರ ಶನಿವಾರ ಲಿಖಿತ ಹೇಳಿಕೆ ಬಂತು. ಅದನ್ನು ನಿಧಾನಕ್ಕೆ ಓದಬೇಕು.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ದಿನಕ್ಕೆ ಮೂರು ಗಂಟೆ, ವಾರಕ್ಕೆ ಐದು ದಿನ, ಅಸಂಬದ್ಧವನ್ನು ಅಸಂಬದ್ಧದಿಂದಲೇ ತೋರಿಸುತ್ತ ಬಂದಿದ್ದೇನೆ ಎಂದು ಶುರು. ಈ ಸಲ ಹೋಲಿಕೆಗೆ ತಪ್ಪು ಪದ ಆರಿಸಿಕೊಂಡೆ, ಫ್ಲುಕ್ ಮೇಲೆ ವೈಯಕ್ತಿಕ ದಾಳಿ ನನ್ನ ಉದ್ದೇಶವಾಗಿರಲಿಲ್ಲ ಎನ್ನುತ್ತದೆ ಮುಂದಿನ ಸಾಲು. ಅಂದರೆ ಹೋಲಿಕೆ ಸರಿ, ಪದ ತಪ್ಪು. ಇಂಥ ಗಂಭೀರ ಕಾಲದಲ್ಲಿ ಸಂಸದರ ಮುಂದೆ ಯಾರದೋ ಖಾಸಗಿ ಲೈಂಗಿಕ ಮನರಂಜನೆಯ ಚರ್ಚೆ ನಡೆಯುವುದು ಹಾಸ್ಯಾಸ್ಪದ ಎಂದು ಇನ್ನೊಂದು ವಾಕ್ಯ. ಅಂಥ ಚರ್ಚೆ ಸಂಸತ್ತಿನಲ್ಲಿ ನಡೆದೇ ಇರಲಿಲ್ಲ, ನಡೆದದ್ದು ಲಿಂಬಾ ಸ್ಟುಡಿಯೊದಲ್ಲಿ. ಮುಂದೆ ಹೋದರೆ ತೆರಿಗೆದಾರ ಮತ್ತೆ ಹಾಜರ್: ನಾಳೆ ಓಡಿ ಮೈ ಗಟ್ಟಿ ಮಾಡಿಕೊಳ್ಳುವ ವಿದ್ಯಾರ್ಥಿಗಳಿಗೆಲ್ಲ ತೆರಿಗೆದಾರರೇ ಬೂಟು ಕೊಡಿಸಬೇಕೆ ಎಂಬ ಪ್ರಶ್ನೆ. ಇದೆಲ್ಲ ಮುಗಿದ ಮೇಲೆ, ಅವಮಾನಕರ ಪದಗಳ ಆಯ್ಕೆಗಾಗಿ ಮಿಸ್ ಫ್ಲುಕ್ ಅವರ ಕ್ಷಮೆ ಕೋರುತ್ತೇನೆ ಎಂಬ ಮುಕ್ತಾಯ.

ಸೋಮವಾರ ಮೈಕಿನ ಮುಂದೆ ಇನ್ನೂ ಸ್ವಲ್ಪ ಬಿಡಿಸಿದರು. ಆ ಎರಡು ಪದ ಬಳಸಿ ನಾನು ಅವರ ಮಟ್ಟಕ್ಕೆ ಇಳಿದೆ, ಅದೇ ನನ್ನ ತಪ್ಪು ಎಂದರು. ಅವರು ಅಂದರೆ ಎಡಪಂಥೀಯರು. ಕೆಟ್ಟ ಮಾತಾಡಿದ್ದು ಬಲದವರು, ಅದರ ಮೂಲ ಮಾತ್ರ ಎಡದಲ್ಲಿ. ಕ್ಷಮೆ ಕೇಳುತ್ತಲೇ ಎದುರಾಳಿಗೆ ಒಂದು ಗುದ್ದು ಕೊಡುವ ಕಲೆ ಎಲ್ಲರಿಗೂ ಬರುವುದಿಲ್ಲ.

ಆ ಹೇಳಿಕೆಯಲ್ಲಿ ಇಲ್ಲದ್ದು ಇಷ್ಟು: ಆಕೆ ತನ್ನ ಬಗ್ಗೆ ಮಾತಾಡಿರಲಿಲ್ಲ, ತೆರಿಗೆ ಹಣ ಕೇಳಿರಲಿಲ್ಲ, ಮಾತ್ರೆಯ ಲೆಕ್ಕ ನಾನು ತಪ್ಪು ಹೇಳಿದೆ. ಸುಳ್ಳು ನಿಂತಲ್ಲೇ ನಿಂತಿತು, ಅದರ ಮೇಲಿನ ಎರಡು ಪದಗಳನ್ನು ಮಾತ್ರ ಒರೆಸಲಾಯಿತು. ಪತ್ರಿಕೆಗಳೂ ಟಿವಿಯೂ ಆಮೇಲೆ ವಾರಗಟ್ಟಲೆ ಚರ್ಚಿಸಿದ್ದು ಕ್ಷಮೆ ಮನಸಾರೆ ಬಂದದ್ದೋ ಅಲ್ಲವೋ ಎಂದು. ಯಾವುದಕ್ಕೆ ಕ್ಷಮೆ ಎಂದು ಕೇಳಿದವರು ಕಡಿಮೆ.

ನಿಮ್ಮವರು ಅಂದಾಗ?

ಬಲಪಂಥೀಯರ ಎದುರುವಾದವನ್ನು ಇಲ್ಲಿ ಬಿಡುವಂತಿಲ್ಲ, ಯಾಕೆಂದರೆ ಅದರಲ್ಲಿ ಹುರುಳಿತ್ತು. ಹಾಸ್ಯಗಾರ ಬಿಲ್ ಮಾಹರ್ ರಿಪಬ್ಲಿಕನ್ ನಾಯಕಿ ಸಾರಾ ಪೇಲಿನ್‌ಗೆ ಇದಕ್ಕಿಂತ ಹೊಲಸು ಪದ ಬಳಸಿದ್ದರು. ಅದೇ ಫೆಬ್ರವರಿಯಲ್ಲಿ ಒಬಾಮಾ ಪರವಾದ ನಿಧಿಗೆ 10 ಲಕ್ಷ ಡಾಲರ್ ಕೊಟ್ಟಿದ್ದರು. ಹಿಂದಿನ ವರ್ಷ ಎಡಪಂಥೀಯ ನಿರೂಪಕ ಎಡ್ ಶುಲ್ಟ್ಸ್ ತಮ್ಮ ರೇಡಿಯೊದಲ್ಲಿ ಬಲಪಂಥೀಯ ನಿರೂಪಕಿ ಲಾರಾ ಇಂಗ್ರಹಾಮ್ ಬಗ್ಗೆ ಇದೇ 'ಸ್ಲಟ್' ಪದ ಬಳಸಿದ್ದರು. ಆದರೆ ಶುಲ್ಟ್ಸ್ ಕೂಡಲೇ ಕ್ಷಮೆ ಕೇಳಿದರು, ಟಿವಿ ವಾಹಿನಿ ಒಂದು ವಾರ ಸಂಬಳವಿಲ್ಲದೆ ಮನೆಗೆ ಕಳಿಸಿತು. ಮಾಹರ್‌ಗೆ ಅಂಥದ್ದೇನೂ ಆಗಲಿಲ್ಲ, ದೇಣಿಗೆಯೂ ವಾಪಸ್ ಹೋಗಲಿಲ್ಲ. ತಮಾಷೆ ಎಂದರೆ, ಲಿಂಬಾ ಕ್ಷಮೆ ಕೇಳಿದ ಮೇಲೂ ಒಪ್ಪದಿದ್ದರೆ ಉದಾರವಾದಿಗಳೇ ಕೆಟ್ಟವರಾಗಿ ಕಾಣುತ್ತಾರೆ ಎಂದು ಟ್ವೀಟ್ ಮಾಡಿದವರಲ್ಲಿ ಮಾಹರ್ ಒಬ್ಬರು. ವಕೀಲೆ ಗ್ಲೋರಿಯಾ ಆಲ್‌ರೆಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲಿಂಬಾ ವಾಸವಿದ್ದ ಫ್ಲೋರಿಡಾದಲ್ಲಿ ಹೆಣ್ಣಿನ ಪಾತಿವ್ರತ್ಯಕ್ಕೆ ಕಳಂಕ ಹಚ್ಚುವುದರ ವಿರುದ್ಧ 19ನೇ ಶತಮಾನದಿಂದ ಉಳಿದಿದ್ದ ಕಾನೂನನ್ನು ಹುಡುಕಿ, ಮೊಕದ್ದಮೆ ಹೂಡಿ ಎಂದು ಪತ್ರ ಬರೆದರು. ಸ್ತ್ರೀವಾದಿಯ ಕೈಯಲ್ಲಿ ಪಾತಿವ್ರತ್ಯದ ಕಾನೂನು. ಅದು ಮುಂದೆ ಹೋಗಲಿಲ್ಲ, ಹೋಗದಿದ್ದದ್ದೇ ಒಳ್ಳೆಯದು.

ಫ್ಲುಕ್ ಆ ಸೆಪ್ಟೆಂಬರಿನಲ್ಲಿ ಡೆಮಾಕ್ರಾಟರ ಮಹಾ ಅಧಿವೇಶನದಲ್ಲಿ ಭಾಷಣ ಮಾಡಿದರು. ನವೆಂಬರಿನಲ್ಲಿ ಮಹಿಳೆಯರ ಶೇಕಡ 55 ಮತ ಪಡೆದು ಒಬಾಮಾ ಗೆದ್ದರು. ಅದರಲ್ಲಿ ಈ ಗದ್ದಲದ ಪಾಲೆಷ್ಟು ಎಂದು ಅಳೆಯಲು ತಕ್ಕಡಿ ಇಲ್ಲ. 2014ರಲ್ಲಿ ಫ್ಲುಕ್ ಕ್ಯಾಲಿಫೋರ್ನಿಯಾ ರಾಜ್ಯ ಸೆನೆಟ್ಟಿಗೆ ನಿಂತು ತಮ್ಮದೇ ಪಕ್ಷದ ಇನ್ನೊಬ್ಬ ಅಭ್ಯರ್ಥಿಯ ಎದುರು ಸೋತರು. ಅದೇ ವರ್ಷ ಜೂನ್ 30ರಂದು ಸುಪ್ರೀಂ ಕೋರ್ಟ್ ಹಾಬಿ ಲಾಬಿ ಪ್ರಕರಣದಲ್ಲಿ, ಕೆಲವೇ ಮಂದಿಯ ಹಿಡಿತದಲ್ಲಿರುವ ಕಂಪನಿಗಳು ಧಾರ್ಮಿಕ ಕಾರಣಕ್ಕೆ ಈ ವಿಮೆಯಿಂದ ಹೊರಗುಳಿಯಬಹುದು ಎಂದು 5–4ರ ತೀರ್ಪು ಕೊಟ್ಟಿತು.

ಲಿಂಬಾ ಮೈಕು ಬಿಡಲಿಲ್ಲ. ದೊಡ್ಡ ಜಾಹೀರಾತುದಾರರು ಟಾಕ್ ರೇಡಿಯೊದಿಂದಲೇ ದೂರ ಸರಿದು ಕೇಂದ್ರಗಳ ಆದಾಯ ಸೊರಗಿತು, ಕೆಲವು ನಗರಗಳಲ್ಲಿ ಅವರು ದೊಡ್ಡ ಕೇಂದ್ರದಿಂದ ಸಣ್ಣದಕ್ಕೆ ಇಳಿಯಬೇಕಾಯಿತು. ಆದರೂ 2016ರಲ್ಲಿ ಒಪ್ಪಂದ ನವೀಕರಣವಾಯಿತು. ತಮಗೆ ಶ್ವಾಸಕೋಶದ ಕ್ಯಾನ್ಸರ್ ಎಂದು 2020ರ ಫೆಬ್ರವರಿ 3ರಂದು ಹೇಳಿದರು. ಮರುದಿನ ರಾತ್ರಿ ಟ್ರಂಪ್ ಸಂಸತ್ ಭಾಷಣದ ನಡುವೆಯೇ ಅವರಿಗೆ ದೇಶದ ಅತ್ಯುನ್ನತ ನಾಗರಿಕ ಪದಕ ಕೊಡಿಸಿದರು. ಸಭೆಯ ಅರ್ಧ ಭಾಗ ಎದ್ದು ಚಪ್ಪಾಳೆ ಹೊಡೆಯಿತು, ಇನ್ನರ್ಧ ಕುಳಿತೇ ಇತ್ತು. 2021ರ ಫೆಬ್ರವರಿ 17ರಂದು ಲಿಂಬಾ ತೀರಿಕೊಂಡರು.

ಪ್ರಕರಣ ಬಿಸಿಯಾಗಿದ್ದಾಗಲೇ ನಡೆದ ಇನ್ನೊಂದು ಸಂಗತಿ ಉಳಿದಿದೆ. ಮಿಸೌರಿಯ ವಿಧಾನಭವನದಲ್ಲಿ ರಾಜ್ಯದ ಖ್ಯಾತನಾಮರ ಕಂಚಿನ ಎದೆಮಟ್ಟದ ಪ್ರತಿಮೆಗಳ ಸಾಲೊಂದಿದೆ. ಅಲ್ಲಿ ಲಿಂಬಾ ಪ್ರತಿಮೆಯನ್ನೂ ಇಡುವುದಾಗಿ ಆಗಿನ ಸ್ಪೀಕರ್ ಸ್ಟೀವನ್ ಟಿಲ್ಲಿ ನಿರ್ಧರಿಸಿದ್ದರು. ಎಷ್ಟು ವಿರೋಧ ಬಂದರೂ ಹಿಂದೆ ಸರಿಯಲಿಲ್ಲ. ಆ ಬೈಗುಳದ ಎರಡೂವರೆ ತಿಂಗಳ ಮೇಲೆ, 2012ರ ಮೇ 14ರಂದು, ಸದನದ ಬಾಗಿಲು ಹಾಕಿಸಿ, ಕಾವಲು ನಿಲ್ಲಿಸಿ, ಆಹ್ವಾನ ಇದ್ದವರನ್ನಷ್ಟೇ ಒಳಗೆ ಬಿಟ್ಟು ಸಮಾರಂಭ ಮುಗಿಸಿದರು. ಡೆಮಾಕ್ರಾಟ್ ಶಾಸಕರು ಹೊರಗುಳಿದರು. ಪ್ರತಿಮೆಗೆ ಯಾರಾದರೂ ಏನಾದರೂ ಮಾಡಿಯಾರು ಎಂದು ಆಮೇಲೆ ಅದಕ್ಕೆಂದೇ ಒಂದು ಕ್ಯಾಮೆರಾ ಹಾಕಿಸಿದರು.